ಹೊಲಿಗೆ ಬಿಟ್ಟ ಮೇಲೆ

ಮನೆಯಿಂದ,
ಮಾರ್ಚ್ ೧೬, ಭಾನುವಾರ

ಪ್ರೀತಿಯ ಗುಂಡಣ್ಣಾ,

ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಆ ಸೆಖೆಯಲ್ಲಿ ನೀರು ಸರಿಯಾಗಿ ಕುಡಿಯುತ್ತಿದ್ದೀಯೋ, ಇಲ್ಲ ಬರೀ ಚಹಾದಲ್ಲೇ ಕಾಲ ತಳ್ಳುತ್ತಿದ್ದೀಯೋ? ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೀಯ ತಾನೆ? ನೀನು ಕಳಿಸಿದ ಫೋಟೋದಲ್ಲಿ ಗಡ್ಡದ ಹಿಂದೆ ನನ್ನ ಮಗನನ್ನು ಹುಡುಕುವುದೇ ಒಂದು ಕೆಲಸವಾಯಿತು. ನಿಮ್ಮಪ್ಪ ಬೋರ್ಡು ಬರೆಯುವವರಲ್ಲವೇ, ‘ಮುಖಕ್ಕೆ ಪ್ರೈಮರ್ ಹೊಡ್ಕೊಂಡಿದಾನೆ, ಬಣ್ಣ ಆಮೇಲೆ ಹೊಡೀತಾನೆ ಬಿಡು’ ಎಂದರು.

ಈಗ ಒಂದು ದೊಡ್ಡ ಸುದ್ದಿ ಹೇಳಬೇಕು. ಹೇಳುವ ಮೊದಲೇ ತಿಳಿದುಕೊ, ನಾನು ಚೆನ್ನಾಗಿದ್ದೇನೆ. ನೀನು ಬಂದರಿನಿಂದ ಫೋನ್ ಮಾಡಿದಾಗಲೆಲ್ಲ ನಿಮ್ಮಕ್ಕ ‘ಅಮ್ಮ ಮಲಗಿದಾಳೆ ಕಣೋ’ ಎನ್ನುತ್ತಿದ್ದಳಲ್ಲ, ಅದು ಸುಳ್ಳಲ್ಲ. ಎಲ್ಲಿ ಮಲಗಿದ್ದೆ ಎನ್ನುವುದನ್ನಷ್ಟೇ ಹೇಳಲಿಲ್ಲ. ಆಸ್ಪತ್ರೆಯಲ್ಲಿದ್ದೆ. ನಡುಸಮುದ್ರದಲ್ಲಿರುವವನಿಗೆ ಅರ್ಧ ಸುದ್ದಿ ಕೊಟ್ಟು ಉಳಿದದ್ದನ್ನು ಊಹಿಸಿಕೊಳ್ಳಲು ಬಿಡುವುದು ಬೇಡವೆಂದು ನಾನೇ ಅವಳ ಬಾಯಿ ಮುಚ್ಚಿಸಿದ್ದೆ. ಅವಳ ಮೇಲೆ ರೇಗಬೇಡ.

ಸ್ವಲ್ಪ ಕಾಲದಿಂದ ಮಲದಲ್ಲಿ ರಕ್ತ ಕಾಣಿಸುತ್ತಿತ್ತು. ಮೂಲವ್ಯಾಧಿಯಿರಬೇಕೆಂದು ಸೊಪ್ಪುಸದೆ ತಿಂದುಕೊಂಡು ಸುಮ್ಮನಿದ್ದೆ. ಈಜುಕೊಳದಲ್ಲಿ ಮಕ್ಕಳಿಗೆ ಕಾಲು ಬಡಿಯುವುದನ್ನು ಕಲಿಸಿ ಮೇಲೆ ಬರುವಷ್ಟರಲ್ಲಿ ಏದುಸಿರು ಬರತೊಡಗಿದಾಗ ನಿಮ್ಮಕ್ಕ ದರದರ ಎಳೆದುಕೊಂಡು ಹೋದಳು. ಕ್ಯಾಮೆರಾ ಇರುವ ಕೊಳವೆ ಹಾಕಿ ನೋಡಿದರು. ದೊಡ್ಡ ಕರುಳಿನ ಕೆಳಭಾಗದಲ್ಲಿ ಗಡ್ಡೆ. ಕ್ಯಾನ್ಸರ್ ಎಂಬ ಆ ಪದವನ್ನು ಸರ್ಜನ್ ಹೇಳಿದಾಗ ನಾನು ಮಂಕಾಗಿ ಅವರ ಮೇಜಿನ ಮೇಲಿದ್ದ ಸ್ಟೇಪ್ಲರನ್ನೇ ನೋಡುತ್ತಿದ್ದೆ. ‘ಆ ಭಾಗ ಕತ್ತರಿಸಿ ತೆಗೆದು, ಎರಡು ತುದಿ ಸೇರಿಸಿ ಹೊಲಿತೀವಿ. ಬೇಗ ಸಿಕ್ಕಿದೆ ಅನ್ಸುತ್ತೆ’ ಎಂದರು. ‘ಅನ್ಸುತ್ತೆ’ ಎನ್ನುವ ಮಾತನ್ನು ನಿಮ್ಮಪ್ಪ ಮನೆಗೆ ಬರುವ ದಾರಿಯುದ್ದಕ್ಕೂ ಅಗಿಯುತ್ತಿದ್ದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನವೇ ಎಬ್ಬಿಸಿ ಕೂರಿಸಿದರು, ಆಮೇಲೆ ಗೋಡೆ ಹಿಡಿದು ಮೊಗಸಾಲೆಯ ತುದಿಯವರೆಗೂ ನಡೆದೆ. ಗಂಜಿ ಇಳಿಯಿತು. ನಾನೇನೋ ದೊಡ್ಡ ಪದಕ ಗೆದ್ದವಳ ಹಾಗೆ ಪಕ್ಕದ ಹಾಸಿಗೆಯವರಿಗೆಲ್ಲ ಬುದ್ಧಿವಾದ ಹೇಳುತ್ತಿದ್ದೆನಂತೆ. ಹೀಗಿರುವಾಗ ಒಂದು ಬೆಳಗ್ಗೆ ಗಂಜಿ ಸೇರಲಿಲ್ಲ. ಮೈ ಸುಡುತ್ತಿತ್ತು, ಎದೆ ಢವಢವ ಹೊಡೆದುಕೊಳ್ಳುತ್ತಿತ್ತು, ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ದಿಂಬು ಸರಿಮಾಡಲು ಬಂದ ನರ್ಸಮ್ಮ ನನ್ನನ್ನೇ ದಿಟ್ಟಿಸಿ, ‘ಅಮ್ಮಾ, ನಿಮ್ಮ ಮುಖ ನಿನ್ನೆ ಥರ ಇಲ್ಲ’ ಎಂದವಳೇ ಸರ್ಜನ್ನರನ್ನು ಕರೆಸಿದಳು. ಸ್ಕ್ಯಾನ್ ಆಯಿತು. ಸರ್ಜನ್ ಬಂದು ನಿಂತುಕೊಂಡು ಮಾತಾಡಲಿಲ್ಲ, ಸ್ಟೂಲು ಎಳೆದು ನನ್ನ ಪಕ್ಕ ಕೂತರು. ‘ಕರುಳಿನ ಹೊಲಿಗೆ ಬಿಟ್ಕೊಂಡು ಒಳಗೆ ಸೋರ್ತಾ ಇದೆ. ಎಷ್ಟೇ ಜಾಗ್ರತೆಯಾಗಿ ಮಾಡಿದ್ರೂ ಕೆಲವರಿಗೆ ಹೀಗಾಗುತ್ತೆ. ಈಗ್ಲೇ ಮತ್ತೆ ಹೊಟ್ಟೆ ತೆರೀಬೇಕು.’

ನಿಮ್ಮಪ್ಪನ ದನಿ ಏರಿದ್ದನ್ನು ನೀನು ಯಾವತ್ತಾದರೂ ಕೇಳಿದ್ದೀಯಾ? ನಾನು ಕೇಳಿರಲಿಲ್ಲ. ‘ಎಲ್ಲಾ ಚೆನ್ನಾಗಿದೆ ಅಂದ್ರಲ್ರೀ! ಹೊಲಿಯೋಕೆ ಬರಲ್ವಾ ನಿಮಗೆ?’ ಎಂದು ವಾರ್ಡೇ ತಿರುಗಿ ನೋಡುವ ಹಾಗೆ ಕೂಗಿದರು. ‘ಬೈಯಿರಿ, ತಪ್ಪೇನಿಲ್ಲ. ಆದ್ರೆ ಆಪರೇಷನ್ ಮುಗಿದ್ಮೇಲೆ ಬೈಯಿರಿ, ಈಗ ಹೊತ್ತಿಲ್ಲ’ ಎಂದು ಸರ್ಜನ್ ಎದ್ದರು. ತಳ್ಳುಗಾಡಿಯಲ್ಲಿ ಮಲಗಿ ಹೋಗುವಾಗ ಸೂರಿನ ದೀಪಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ನಿನ್ನನ್ನು ಇನ್ನೊಂದು ಸಲ ನೋಡುತ್ತೇನೋ ಇಲ್ಲವೋ ಎಂದುಕೊಂಡೆ. ಅಷ್ಟೇ, ಬೇರೇನೂ ತೋಚಲಿಲ್ಲ. ಒಳಗೆಲ್ಲ ತೊಳೆದು, ಕರುಳಿನ ಒಂದು ತುದಿಯನ್ನು ಹೊಟ್ಟೆಯ ಮೇಲಕ್ಕೆ ತಂದು, ಮಲ ಬೀಳಲು ಅದಕ್ಕೊಂದು ಚೀಲ ಅಂಟಿಸಿ ನನ್ನ ಜೀವ ಉಳಿಸಿದರು. ಹೊರಗೆ ಬಂದ ಸರ್ಜನ್ ನೇರ ನಿಮ್ಮಪ್ಪನ ಮುಂದೆ ನಿಂತು, ‘ಈಗ ಬೈಯಿರಿ’ ಎಂದರಂತೆ. ನಿಮ್ಮಪ್ಪ ಅವರ ಎರಡೂ ಕೈ ಹಿಡಿದುಕೊಂಡು ಬಿಕ್ಕಿದರಂತೆ. ಇದನ್ನು ಹೇಳಿದವಳು ನಿಮ್ಮಕ್ಕ. ಅವರನ್ನು ಕೇಳಿದರೆ ಈಗಲೂ ‘ಕಣ್ಣಿಗೆ ಧೂಳು ಬಿದ್ದಿತ್ತು’ ಎನ್ನುತ್ತಾರೆ.

ಆ ಚೀಲವನ್ನು ನಾನು ನೋಡಲು ಒಪ್ಪಲಿಲ್ಲ, ಗುಂಡಣ್ಣಾ. ಹೊದಿಕೆ ಸರಿಸಿದರೆ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ. ಇಡೀ ಊರಿನ ಮಕ್ಕಳೆದುರು ಈಜುಡುಗೆಯಲ್ಲಿ ನಿಂತವಳಿಗೆ ನನ್ನ ಮೈಯೇ ಪರಕೀಯವಾಗಿತ್ತು. ಮೊದಲು ನೋಡಿದವರು ನಿಮ್ಮಪ್ಪ. ಕನ್ನಡಕ ಹಾಕಿಕೊಂಡು, ಬಗ್ಗಿ, ಹುಬ್ಬು ಗಂಟಿಕ್ಕಿ, ಚೀಲದೊಳಗೆ ಕಾಣುತ್ತಿದ್ದ ಕರುಳಿನ ತುದಿಯನ್ನು ಬಹಳ ಹೊತ್ತು ನೋಡಿ, ‘ಅಲ್ಲ ಕಣೇ, ಎಷ್ಟು ಡಬ್ಬ ಬೆರೆಸಿದ್ರೂ ನನ್ನ ಕೈಲಿ ಈ ಕೆಂಪು ಬರಲ್ಲ’ ಎಂದರು. ನಗು ಬಂದುಬಿಟ್ಟಿತು. ನಕ್ಕರೆ ಹೊಲಿಗೆ ಎಳೆಯುತ್ತದೆ, ನೋವಿಗೆ ಅಳು, ಅಳುತ್ತಲೇ ನಗು. ಆಮೇಲೆ ನಾನೂ ನೋಡಿದೆ. ಮನೆಗೆ ಬಂದ ಮೇಲೆ ಚೀಲದ ಅಂಟುಪಟ್ಟಿಯಲ್ಲಿ ತೂತು ಕತ್ತರಿಸುವ ಕೆಲಸ ಅವರದೇ. ಅಕ್ಷರಕ್ಕೆ ಸುಳಿ ಕೊಡುವ ಕೈ, ಒಂದು ದಿನವೂ ಗೆರೆ ತಪ್ಪಲಿಲ್ಲ. ಈಜುಕೊಳದ ಮ್ಯಾನೇಜರ್ ನನ್ನನ್ನು ನೋಡಲು ಬಂದು ಗಂಭೀರವಾಗಿ ಸಮಾಧಾನ ಹೇಳುತ್ತಿದ್ದಾಗ ಚೀಲ ಪರ್‍ರ್ ಎಂದಿತು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಿಮ್ಮಪ್ಪ ಮಾತ್ರ ಮುಖ ಸಿಂಡರಿಸದೆ, ‘ಈ ಕುರ್ಚಿ ಹಳೇದಾಯ್ತು, ಬದಲಾಯಿಸ್ಬೇಕು’ ಎಂದರು. ಪಾಪ, ಆ ಮನುಷ್ಯ ಎದ್ದು ಬೇರೆ ಕುರ್ಚಿಯಲ್ಲಿ ಕೂತರು.

ಕರುಳು ಪೂರ್ತಿ ವಾಸಿಯಾದ ಮೇಲೆ, ಹೋದ ತಿಂಗಳು, ಚೀಲ ತೆಗೆದು ಆ ತುದಿಯನ್ನು ಮತ್ತೆ ಒಳಗೆ ಸೇರಿಸಿ ಹೊಲಿದರು. ಮತ್ತೆ ಅದೇ ಭಯ. ಈ ಸಲ ಎಲ್ಲರೂ ಕಾಯುತ್ತಿದ್ದುದು ಕರುಳು ಕೆಲಸ ಶುರುಮಾಡಿತೆಂದು ತಿಳಿಸುವ ಒಂದೇ ಒಂದು ಹೂಸಿಗೆ, ನಗಬೇಡ! ಅದು ಬಂದಾಗ ನಿಮ್ಮಕ್ಕ ಚಪ್ಪಾಳೆ ತಟ್ಟಿದಳು. ಸರ್ಜನ್ ಬಾಗಿಲಲ್ಲೇ ನಿಂತು, ‘ಈ ವಾರ್ಡಿನಲ್ಲಿ ಇದಕ್ಕಿಂತ ಒಳ್ಳೆ ಸುದ್ದಿ ಇಲ್ಲಮ್ಮ’ ಎಂದು ನಕ್ಕರು. ಜ್ವರ ಬರಲಿಲ್ಲ, ಹೊಟ್ಟೆ ಬಿಗಿಯಲಿಲ್ಲ. ಗಡ್ಡೆ ಬೇರೆಲ್ಲೂ ಹರಡಿಲ್ಲವಂತೆ. ಆಗಾಗ ಪರೀಕ್ಷೆಗೆ ಹೋಗುತ್ತಿದ್ದರೆ ಸಾಕು. ಎಲ್ಲವೂ ಮೊದಲಿನ ಹಾಗಿದೆ ಎಂದರೆ ಸುಳ್ಳಾಗುತ್ತದೆ. ಪಾಯಿಖಾನೆಗೆ ಓಡಾಟ ಜಾಸ್ತಿ, ಭಾರ ಎತ್ತುವಂತಿಲ್ಲ, ಹೊಟ್ಟೆಯ ಮೇಲೆ ಅಂಕುಡೊಂಕು ಗೆರೆ. ಆದರೆ ತಟ್ಟೆ ಮುಂದೆ ಕೂತರೆ ಹಸಿವಾಗುತ್ತದೆ ಕಣೋ. ಹಸಿವು ಇಷ್ಟು ಸುಖ ಎಂದು ನನಗೆ ಗೊತ್ತೇ ಇರಲಿಲ್ಲ.

ನಿಮ್ಮಪ್ಪ ಆಶೀರ್ವಾದ ತಿಳಿಸಿದ್ದಾರೆ, ಗಡ್ಡ ತೆಗೆಯಬೇಕೆಂದೂ ತಿಳಿಸಿದ್ದಾರೆ. ನಿನ್ನ ಜೊತೆಯ ಹುಡುಗರನ್ನೆಲ್ಲ ಕೇಳಿದೆನೆಂದು ಹೇಳು. ನಿನ್ನ ದಾರಿಯಲ್ಲಿ ಸಮುದ್ರ ತಣ್ಣಗಿರಲಿ, ನಿನ್ನ ಮೈ ಗಟ್ಟಿಯಾಗಿರಲಿ.

ನಿನ್ನ
ಅಮ್ಮ

ಮರೆತಿದ್ದೆ — ಮರೆತಿರಲಿಲ್ಲ, ಬರೆಯಲು ಕೈ ಬರುತ್ತಿರಲಿಲ್ಲ. ಇದು ಒಡಹುಟ್ಟಿದವರಿಗೂ ಮಕ್ಕಳಿಗೂ ಬರಬಹುದು, ನೀವಿಬ್ಬರೂ ಕೊಳವೆ ಪರೀಕ್ಷೆ ಮಾಡಿಸಲೇಬೇಕು ಎಂದು ಸರ್ಜನ್ ಹೇಳಿದ್ದಾರೆ. ನಿಮ್ಮಕ್ಕ ಮಾಡಿಸಿದಳು. ಅವಳ ಕರುಳಿನಲ್ಲೂ ಒಂದು ಸಣ್ಣ ಗಂಟು ಸಿಕ್ಕಿತು. ಗಾಬರಿಯಾಗಬೇಡ, ಅದಿನ್ನೂ ಕೆಟ್ಟದ್ದಾಗಿರಲಿಲ್ಲ. ಅಲ್ಲೇ ಚಿವುಟಿ ತೆಗೆದು ಅದೇ ದಿನ ಮನೆಗೆ ಕಳಿಸಿದರು, ಸಂಜೆ ನನ್ನ ಪಾಲಿನ ಊಟವನ್ನೂ ಅವಳೇ ತಿಂದಳು. ಇನ್ನು ಉಳಿದವನು ನೀನು. ಊರಿಗೆ ಬಂದ ಮೇಲೆ ನೋಡೋಣ ಎನ್ನಬೇಡ. ಹಡಗು ಮುಂದೆ ಯಾವ ಬಂದರಿನಲ್ಲಿ ನಿಲ್ಲುತ್ತದೋ ಅಲ್ಲೇ ಇಳಿದು ಮಾಡಿಸು. ನಾಚಿಕೆ ಮಾಡಿಕೊಂಡೆಯೋ, ನಾನೇ ಈಜಿಕೊಂಡು ಬಂದು ಕಿವಿ ಹಿಡಿದು ಕರೆದುಕೊಂಡು ಹೋಗುತ್ತೇನೆ.