ರಾಣಿ ಇನ್ನೂ ಕಾಡಿನಲ್ಲಿದ್ದಾಳೆ

೧೦ ಡಿಸೆಂಬರ್ ೨೦೨೪, ಮಂಗಳವಾರ

ಇವತ್ತು ಅತ್ತೆಯ ಕೈಗೆ ಸಿಕ್ಕಿಬಿದ್ದೆ.

ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಹೊಳಲ್ಕೆರೆಯ ಡಾಕ್ಟರು ಕಳಿಸಿದಾಗಿನಿಂದ ಅತ್ತೆ ಕೇಳಿದ್ದು ಒಂದೇ, ಪುರಾಣ ಓದು ಎಂದು. ಅಕ್ಷರ ಬಾರದಿದ್ದರೂ ಕತೆಯೆಲ್ಲ ಅವರಿಗೆ ಬಾಯಿಪಾಠ. ಆದರೂ ಅದರಲ್ಲಿನ ರಾಣಿ ಕೂಸನ್ನು ಎತ್ತಿಕೊಂಡು ಕಾಡಿಗೆ ಹೊರಟಳೆಂದರೆ ಪ್ರತಿ ಸಲವೂ ಅಳುತ್ತಾರೆ. ತಮ್ಮ ಹೊಟ್ಟೆನೋವಿಗೆ ಅಳದವರು ಅವಳಿಗೆ ಅಳುತ್ತಾರೆ.

ಕೊನೆಯ ಪುಟ ಓದಿ ಮಂಗಳ ಹಾಡಿದ ಮೇಲೆ ತಮ್ಮ ಜೀವ ಹಗುರಾಗಿ ಹೋಗುತ್ತದೆ ಎಂಬುದು ಅವರ ನಂಬಿಕೆ. ನನ್ನದೂ ಅದೇ. ಅದಕ್ಕೇ ವಾರದಿಂದ ಕಾಡಿನ ಅಧ್ಯಾಯವನ್ನೇ ತಿರುತಿರುಗಿ ಓದುತ್ತಿದ್ದೆ. ಔಷಧಿಯ ಮಂಪರಿನಲ್ಲಿ ತಿಳಿಯಲಾರದು ಅಂದುಕೊಂಡಿದ್ದೆ.

ಸಂಜೆ ಓದುತ್ತಿದ್ದಾಗ ಕಂಬಳಿಯೊಳಗಿಂದ ಕೈ ಚಾಚಿ ಪುಸ್ತಕದ ಮೇಲೆ ಇಟ್ಟರು.

"ಲೇ ಕರಿಯಕ್ಕ, ಆ ರಾಣೀನ ಇನ್ನೆಷ್ಟು ದಿನ ಮುಳ್ಳಾಗೆ ಕುಂಡ್ರುಸ್ತೀಯೇ? ಅವಳಿಗೂ ಮನೆ ಐತೆ."

"ಪುಟ ತಪ್ಪೈತೆ ಅತ್ತೆ," ಅಂದೆ.

"ಪುಟ ಅಲ್ಲ, ನಿನ್ನ ಮನಸ್ಸು ತಪ್ಪೈತೆ. ನೋವು ತಡಿಯಕ್ಕಾಗಲ್ಲ ಕಣೇ. ನಾಳೆ ಅವಳನ್ನ ಊರಿಗೆ ಕರ್ಕಂಡು ಬಂದ್ಬಿಡು."

ಹ್ಞೂಂ ಅಂದೆ. ಕಾಯಿ, ಕರ್ಪೂರ ತಂದು ದೇವರ ಗೂಡಿನಲ್ಲಿ ಇಟ್ಟಿದ್ದೇನೆ.

ನಾನು ಮದುವೆಯಾಗಿ ಬಂದಾಗ, ಕಲಿತದ್ದು ಮರೆಯಬಾರದು ಎಂದು ಈ ಪುಸ್ತಕ ಕೈಗಿತ್ತವರು ಅವರೇ. ಇದನ್ನೇ ಓದಿ ಅವರನ್ನು ಕಳಿಸಬೇಕು.

ಈಗ ಉಳಿದ ಪುಟಗಳನ್ನು ಬೆರಳಲ್ಲಿ ಹಿಡಿದು ನೋಡಿದೆ. ತೀರ ತೆಳ್ಳಗಿವೆ. ದೇವರೇ, ಇವತ್ತೊಂದು ರಾತ್ರಿ ರಾಣಿ ಕಾಡಿನಲ್ಲೇ ಇರಲಿ; ನಾಳೆ ಮಂಗಳ ಹಾಡುತ್ತೇನೆ.