ಅಕ್ಕ ಮಾತ್ರೆ ನುಂಗಿದ್ದಳು

ಭದ್ರಾವತಿ,
೧೬ ನವೆಂಬರ್ ೧೯೯೯

ಬರುವ ಮಾಘದಲ್ಲಿ ಸೋದರಮಾವನ ಹುದ್ದೆಯಿಂದ ಭಾವನ ಹುದ್ದೆಗೆ ಬಡ್ತಿ ಹೊಂದಲಿರುವ ಪ್ರೀತಿಯ ಶಿವಯೋಗಿ ಮಾವನಿಗೆ, ಮಲ್ಲಿಕ್ ಮಾಡುವ ಶರಣು.

ಆರೋಗ್ಯವಾಗಿದ್ದೀಯಾ? ರಾಯಚೂರಿನ ಬಿಸಿಲಿಗೆ ಪೂರ್ತಿ ಒಣಗಿಲ್ಲ ತಾನೆ? ನಿಮ್ಮ ಮೆಸ್ಸಿನ ಸಾರಿನಲ್ಲಿ ಬೇಳೆ ಏನಾದರೂ ದರ್ಶನ ಕೊಟ್ಟಿತೆ? ಇಲ್ಲಿ ಅಪ್ಪ ಎಂದಿನಂತೆ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸುತ್ತಿದ್ದಾರೆ, ಅಮ್ಮ ಎಂದಿನಂತೆ ನನ್ನನ್ನು ಬೈಯುತ್ತಿದ್ದಾಳೆ.

ಸರ್ಕಾರಿ ಪತ್ರದ ಹಾಗೆ ‘ವಿಷಯ’ ಎಂದು ಬರೆದು ಅಡಿಗೆರೆ ಎಳೆಯುವುದಾದರೆ, ವಿಷಯ ಪ್ರಿಯದರ್ಶಿನಿ ಅಕ್ಕನ ಹಿಮೋಗ್ಲೋಬಿನ್ನು. ಮೂರು ವರ್ಷದಿಂದ ಅದು ಒಂಬತ್ತು ದಾಟಿಲ್ಲವೆಂಬುದು ನಿನಗೆ ಗೊತ್ತು. ಕಬ್ಬಿಣ ಕರಗಿಸುವವನ ಮಗಳಿಗೇ ಕಬ್ಬಿಣವಿಲ್ಲವೆಂಬ ಅವಮಾನಕ್ಕೆ ಅಪ್ಪ ಓಲ್ಡ್ ಟೌನಿನಿಂದ ಕಬ್ಬಿಣದ ಬಾಣಲೆ ತಂದರು. ಪಲ್ಯ ಕಪ್ಪಾಯಿತು, ಅಕ್ಕ ಬಿಳಿಚಿಕೊಂಡೇ ಇದ್ದಳು. ಬೀಟ್‌ರೂಟು, ಖರ್ಜೂರ, ನುಗ್ಗೆಸೊಪ್ಪು, ದಿನಕ್ಕೆರಡು ಮಾತ್ರೆ, ಎಲ್ಲವೂ ಸೋತವು. ನಾನು ಹಳೇ ಸ್ಪೀಕರಿನ ಅಯಸ್ಕಾಂತವನ್ನು ಅವಳ ತೋಳಿಗೆ ಹಿಡಿದು, ಅಂಟದ್ದನ್ನು ಕಂಡು, ಗಂಭೀರವಾಗಿ ವರದಿ ಸಲ್ಲಿಸಿದ್ದೆ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಒಂದು ದಿನ ತಮಾಷೆಗೆ, “ಇವಳು ಮಾತ್ರೇನೆಲ್ಲ ದಾಸವಾಳದ ಬುಡಕ್ಕೆ ಹಾಕ್ತಾಳಮ್ಮ, ನೋಡು ಗಿಡ ಹೆಂಗೆ ಬಂದಿದೆ” ಎಂದುಬಿಟ್ಟೆ. ಅಮ್ಮ ನಂಬಿದಳು. ಅಂದಿನಿಂದ ಒಂದು ವರ್ಷ ಕಾಲ, ಇಪ್ಪತ್ತಮೂರರ ಹುಡುಗಿ ದಿನಾ ಎರಡು ಹೊತ್ತು ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಬೇಕಾಯಿತು. ನಾನು ಬಾಗಿಲಲ್ಲಿ ನಿಂತು ನಗುತ್ತಿದ್ದೆ.

ಕಳೆದ ತಿಂಗಳು ಶಿವಮೊಗ್ಗದ ವಿನೋಬನಗರದಲ್ಲಿ ಜಗದಾಂಬಾ ಎಂಬ ಡಾಕ್ಟರಿಗೆ ತೋರಿಸಿದೆವು. ಅವರು ಮಾತ್ರೆ ಬರೆಯಲೇ ಇಲ್ಲ. ರಕ್ತ ತೆಗೆದು, ಒಂದು ಪಾಲನ್ನು ಬೆಂಗಳೂರಿಗೆ ಕಳಿಸಿ, ಮನೆಯವರನ್ನೆಲ್ಲ ಕರೆತನ್ನಿ ಎಂದರು. ನಮ್ಮೆಲ್ಲರ ಪರೀಕ್ಷೆಯೂ ಆಯಿತು. ನಿನ್ನೆ ರಿಪೋರ್ಟು ಹಿಡಿದುಕೊಂಡು ಅಮ್ಮನಿಗೆ ಹೇಳಿದರು: “ನಿಮ್ಮ ಮಗಳು ಒಂದು ಮಾತ್ರೇನೂ ಬಿಟ್ಟಿಲ್ಲಮ್ಮ. ಮೈಯಲ್ಲಿ ಕಬ್ಬಿಣ ಬೇಕಾದಷ್ಟಿದೆ. ರಕ್ತದ ಕಣಗಳೇ ಹುಟ್ಟಾ ಸಣ್ಣ.” ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಆಮೇಲೆ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು, ಮಾವ. ನನ್ನ ರಕ್ತದಲ್ಲಿ ದುಂಡಗೆ ತುಂಬಿಕೊಂಡ ಕಣಗಳು. ಅಕ್ಕನದರಲ್ಲಿ ಬಣ್ಣ ಸಾಲದ ಪುಟ್ಟ ಕೋಡುಬಳೆಗಳು, ಕೆಲವಕ್ಕೆ ನಡುವೆ ಬೊಟ್ಟಿಟ್ಟ ಹಾಗೆ ಒಂದು ಚುಕ್ಕಿ. ಮೂರನೆಯ ಗಾಜಿನಲ್ಲೂ ಅವೇ ಕೋಡುಬಳೆಗಳು, ಅವೇ ಚುಕ್ಕಿಗಳು. ಅದು ಅಮ್ಮನದು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲಿ ಅವಳಿಗೆ ಬಂದದ್ದು ನನಗೆ ಬಂದಿಲ್ಲ. ಅಮ್ಮನಿಗೆ ಬಂದದ್ದು ಅಜ್ಜಿಯಿಂದಲೇ ಇರಬೇಕೆಂದು ನಮ್ಮ ಎಣಿಕೆ. ಅರ್ಧ ಅಂಗಳ ಗುಡಿಸಿ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳಲ್ಲ, ನಿನ್ನ ಅವ್ವ? “ಮಹಾಂತಮ್ಮನ ಪೊರಕೆಗೂ ಸುಸ್ತು” ಎಂದು ಓಣಿಯವರು ನಗುತ್ತಿದ್ದರಂತೆ. ಅಮ್ಮ ಆ ಗಾಜನ್ನು ಬಹಳ ಹೊತ್ತು ನೋಡಿ, “ಅವ್ವ ಸೋಮಾರಿ ಆಗಿರಲಿಲ್ಲ” ಎಂದಷ್ಟೇ ಅಂದಳು. ಸತ್ತು ಹನ್ನೊಂದು ವರ್ಷವಾದ ಅಜ್ಜಿ ಹೀಗೆ ಎರಡು ಮೈಗಳಲ್ಲಿ ಓಡಾಡಿಕೊಂಡಿದ್ದಾಳೆ.

ಅಕ್ಕನಿಗೆ ಅಪಾಯವೇನಿಲ್ಲವಂತೆ. ಬಾಣಲೆಗೆ ನಿವೃತ್ತಿ ಘೋಷಿಸಲಾಗಿದೆ. ಅಪ್ಪ, ಅಮ್ಮ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಳಿಯ,
ಮಲ್ಲಿಕ್

ಮ.ವಿ.: ಟಪಾಲು ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನೀನೂ ಅದೇ ಅಜ್ಜಿಯ ಮಗ. ನಿನ್ನಲ್ಲೂ ಇದು ಇದ್ದರೆ, ನಿನಗೂ ಅಕ್ಕನಿಗೂ ಹುಟ್ಟುವ ಪ್ರತಿ ಮಗುವಿಗೂ ಅದು ಇಬ್ಬರಿಂದಲೂ ಬರುವ ಅಪಾಯ ನಾಲ್ಕರಲ್ಲಿ ಒಂದು ಪಾಲು. ಅಂಥ ಮಗುವಿಗೆ ತಿಂಗಳು ತಿಂಗಳೂ ಬೇರೆಯವರ ರಕ್ತ ಕೊಡಬೇಕು. ನಿನ್ನಲ್ಲಿ ಇದು ಇಲ್ಲದಿದ್ದರೆ ಏನೂ ಭಯವಿಲ್ಲ. ದಯವಿಟ್ಟು ಪರೀಕ್ಷೆ ಮಾಡಿಸು. ತಮ್ಮನಿಗೆ ಹೇಗೆ ಬರೆಯಲಿ ಎಂದು ಅಮ್ಮ ಇನ್‌ಲ್ಯಾಂಡ್ ಹಿಡಿದು ಕೂತವಳು ಎದ್ದುಹೋದಳು, ಅದಕ್ಕೇ ನಾನು. ನನ್ನ ಮಾತಾದ್ದರಿಂದ ತಮಾಷೆ ಎಂದುಕೊಂಡೀಯೆಂದು ಅಕ್ಕನ ರಿಪೋರ್ಟಿನ ಜೆರಾಕ್ಸ್ ಇಟ್ಟಿದ್ದೇನೆ. ಕೆಳಗೆ ಅವಳೇ ಸಹಿ ಹಾಕಿದ್ದಾಳೆ. ಲಗ್ನಪತ್ರಿಕೆಯ ಕರಡನ್ನು ಅವಳು ಅಪ್ಪನಿಂದ ಇಸಿದುಕೊಂಡು, ಮಡಚಿ, ಖಾಲಿ ಮಾತ್ರೆ ಡಬ್ಬಿಯಲ್ಲಿಟ್ಟಿದ್ದಾಳೆ. ನಿನ್ನ ಉತ್ತರ ಬಂದ ಮೇಲೆ ತೆಗೆಯುತ್ತಾಳಂತೆ.