ರಾಸ್ ಹಚ್ಚಿದ ಮೇಣ

ಜೀಲಾಂಗ್, ಬುಧವಾರ

ಕಾರು ತೊಳೆಯುವ ಅಂಗಡಿಯ ಮಾಲೀಕರಾದ ಶ್ರೀ ಪಾಸ್ಕೋ ಅವರಿಗೆ,

ನಮ್ಮ ಕಾರಿಗೆ ಹೊಳಪು ಬರಲೆಂದು ಹಚ್ಚಿದ್ದ ಮೇಣ ಪೂರ್ತಿ ಹೋಗಿದೆ. ಇದನ್ನು ಮೊದಲು ಕಂಡವರು ಪಕ್ಕದ ಮನೆಯ ಕೀತ್. ಬೆಳಗಿನ ಮಳೆಯಲ್ಲಿ ಬಾನೆಟ್ ನೋಡಿ, "ಬೆರಿಲ್, ನೀರು ಮುತ್ತುಮುತ್ತಾಗಿ ನಿಲ್ತಾನೇ ಇಲ್ಲ, ಮೇಣ ಹೋಗ್ಬಿಟ್ಟಿದೆ! ರಾಸ್ ಇದ್ದಿದ್ರೆ ಎಷ್ಟು ಬೈತಿದ್ದ" ಎಂದರು.

ರಾಸ್ ನನ್ನ ಪತಿ. ಅವರ ಶವಯಾತ್ರೆಗೆ ಚೊಕ್ಕಟವಾಗಿರಲೆಂದು ನಿನ್ನೆ ನಾನೇ ಕಾರನ್ನು ನಿಮ್ಮಲ್ಲಿಗೆ ತಂದಿದ್ದೆ. ನಿಮ್ಮ ಕೆಲಸದಾಕೆ ತೊಳೆಯುವ ಮುನ್ನ ಸಿಂಪಡಿಸಿದ್ದು ಲಾರಿಗಳ ಜಿಡ್ಡು ಬಿಡಿಸುವ ಕಟು ಕ್ಷಾರ; ಅದು ಮೇಣವನ್ನೂ ಕಿತ್ತುಹಾಕುತ್ತದೆ. ಮೇಣ ಹಚ್ಚಿದೆಯೇ ಎಂದು ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಳೆದ ತಿಂಗಳು ರಾಸ್ ಕುರ್ಚಿ ಹಾಕಿಕೊಂಡು, ನಡುನಡುವೆ ಸುಧಾರಿಸಿಕೊಳ್ಳುತ್ತಾ ಹಚ್ಚಿದ ಮೇಣ ಅದು.

ಹೊಸದಾಗಿ ಹಚ್ಚಿಕೊಡುತ್ತೇನೆಂದು ನೀವು ಫೋನಿನಲ್ಲಿ ಹೇಳಿದಿರಿ. ಬೇಡ. ಆಕೆಯನ್ನು ಬೈಯಲೂ ಬೇಡಿ. ಇನ್ನು ಮುಂದೆ ಸಿಂಪಡಿಸುವ ಮೊದಲು ಕೇಳಲು ಹೇಳಿ.

ಶುಕ್ರವಾರ ಹತ್ತು ಗಂಟೆಗೆ ಅಂತ್ಯಕ್ರಿಯೆ. ಕಾರು ಈಗಿರುವ ಹಾಗೆಯೇ ಬರುತ್ತದೆ.

ಇತಿ,
ಬೆರಿಲ್ ಹ್ಯಾಲೊರನ್